ಹುಲ್ಲುಹಾಸಿನಲ್ಲಿ ಗೋಧಿ ಬೆಳೆದ ಮಂತ್ರಿ

ಮದರಾಸು ಪ್ರಾಂತದ ಸಿ. ಸುಬ್ರಹ್ಮಣ್ಯಂ ಅವರ ರಾಜಕೀಯ ಜೀವನ

ಭಾರತ ಸರಕಾರದಲ್ಲಿ ಆಹಾರ ಖಾತೆಯೆಂಬುದು ಒಂದು ಕಾಲಕ್ಕೆ ಯಾರಿಗೂ ಬೇಡವಾದ ಖಾತೆಯಾಗಿತ್ತು. ಮಳೆ ಬಂದು ಬೆಳೆ ಕೈಗೆ ಹತ್ತಿದರೆ ಕೀರ್ತಿ ವರುಣದೇವನಿಗೆ. ಮಳೆ ಕೈಕೊಟ್ಟು ಪಡಿತರದಂಗಡಿಯ ಮುಂದೆ ಸಾಲು ಬೆಳೆದರೆ ನಿಂದೆ ಮಂತ್ರಿಗೆ. ಅಕ್ಕಿ ಸಿಗದ ಗೃಹಿಣಿ, ಬೆಲೆ ಸಿಗದ ರೈತ, ಲಾಭ ಸಿಗದ ವರ್ತಕ, ಈ ಮೂವರೂ ಒಂದೇ ಬಾಯಿಂದ ಬೈಯುವ ಸ್ಥಾನ ಅದೊಂದೇ. ದೆಹಲಿಯ ರಾಜಕಾರಣಿಗಳು ಆ ಖಾತೆಯನ್ನು ಕಂಡು ದೂರ ಸರಿಯುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

1964ರ ಜೂನ್ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಪ್ರಧಾನಮಂತ್ರಿಗಳಾದಾಗ ಈ ಖಾತೆಯನ್ನು ಒಬ್ಬ ದಕ್ಷಿಣದವರ ಕೈಗೆ ಕೊಟ್ಟರು. ಅವರು ಅದುವರೆಗೆ ಉಕ್ಕಿನ ಖಾತೆಯಲ್ಲಿ ನೆಮ್ಮದಿಯಾಗಿದ್ದವರು. ಕೇಂದ್ರಕ್ಕೆ ಬಂದು ಎರಡು ವರ್ಷಗಳಷ್ಟೇ ಆಗಿತ್ತು. ಅದಕ್ಕೆ ಮೊದಲು ಹತ್ತು ವರ್ಷ ಮದರಾಸು ಪ್ರಾಂತದ ಮಂತ್ರಿಗಳಾಗಿದ್ದರು. ಕೊಯಮತ್ತೂರು ಜಿಲ್ಲೆಯ ಪೊಳ್ಳಾಚಿಯ ಬಳಿ ಸೆಂಗುಟ್ಟೈಪಾಳೆಯಂ ಎಂಬ ಊರಿನ ಒಕ್ಕಲಿನ ಮನೆತನದಲ್ಲಿ 1910ರ ಜನವರಿ 30ರಂದು ಜನಿಸಿದ ಸಿ. ಸುಬ್ರಹ್ಮಣ್ಯಂ ಅವರೇ ಈ ಮಹನೀಯರು.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರು ಓದಿದುದು ಭೌತಶಾಸ್ತ್ರ. ಅನಂತರ ನ್ಯಾಯಶಾಸ್ತ್ರ. 1936ರಲ್ಲಿ ಕೊಯಮತ್ತೂರಿನಲ್ಲಿ ವಕೀಲಿ ಆರಂಭಿಸಿದರು. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡರು, ಸಂವಿಧಾನ ಸಭೆಯ ಸದಸ್ಯರಾದರು. ಆ ತಲೆಮಾರಿನ ಕಾಂಗ್ರೆಸ್ಸಿಗರ ಪೈಕಿ ನೂರಾರು ಮಂದಿಯ ಕಥೆಯೂ ಇಷ್ಟೇ. ಆದರೆ ಭೌತಶಾಸ್ತ್ರದ ಓದು ಮಾತ್ರ ಮುಂದೆ ಪ್ರಯೋಜನಕ್ಕೆ ಬಂದಿತೆನ್ನಬೇಕು. ವಿಜ್ಞಾನಿಯ ಮಾತನ್ನು ಕುಳಿತು ಕೇಳುವ, ಕೇಳಿ ಅರ್ಥಮಾಡಿಕೊಳ್ಳುವ ತಾಳ್ಮೆ ನಮ್ಮ ಮಂತ್ರಿಗಳಲ್ಲಿ ಅಪರೂಪ.

ರಾಜಾಜಿಯವರ ನೆರಳಿನಲ್ಲಿ

1952ರ ಮಹಾಚುನಾವಣೆಯಲ್ಲಿ ಮದರಾಸು ಪ್ರಾಂತದಲ್ಲಿ ಕಾಂಗ್ರೆಸ್ಸಿಗೆ ಬಹುಮತ ಬರಲಿಲ್ಲ. ನಿವೃತ್ತರಾಗಿದ್ದ ರಾಜಾಜಿಯವರನ್ನು ಕರೆತಂದು ಮುಖ್ಯಮಂತ್ರಿ ಪದವಿಯಲ್ಲಿ ಕೂರಿಸಲಾಯಿತು. ಅವರು ತಮ್ಮ ಮಂತ್ರಿಮಂಡಲದಲ್ಲಿ ಹಣಕಾಸು ಮತ್ತು ಆಹಾರದಂತಹ ಹೊಣೆಯ ಖಾತೆಗಳನ್ನು ನಲವತ್ತೆರಡು ವರ್ಷದ ಸುಬ್ರಹ್ಮಣ್ಯಂ ಅವರಿಗೆ ವಹಿಸಿದರು. ಆ ವರ್ಷದ ಜೂನ್ ತಿಂಗಳಲ್ಲೇ ರಾಜಾಜಿ ಸರಕಾರ ಅಕ್ಕಿಯ ಪಡಿತರವನ್ನು ರದ್ದುಗೊಳಿಸಿತು. ಯುದ್ಧಕಾಲದಿಂದ ಕಾರ್ಡು ಹಿಡಿದು ನಿಂತು ಬೇಸತ್ತಿದ್ದ ಜನ ನಿಟ್ಟುಸಿರುಬಿಟ್ಟರು. ಅನ್ನದ ಪ್ರಶ್ನೆ ಎಷ್ಟು ಬೇಗ ಸರಕಾರಗಳನ್ನು ಏರಿಸುತ್ತದೆ, ಎಷ್ಟು ಬೇಗ ಇಳಿಸುತ್ತದೆ ಎಂಬ ಮೊದಲ ಪಾಠ ಅವರಿಗೆ ದೊರೆತುದು ಇಲ್ಲಿಯೇ.

ಎರಡನೆಯ ಪಾಠ ಕಹಿಯಾದುದು. 1953ರಲ್ಲಿ ರಾಜಾಜಿಯವರು ಹಳ್ಳಿಯ ಪ್ರಾಥಮಿಕ ಶಾಲೆಗಳಿಗಾಗಿ ಹೊಸದೊಂದು ಯೋಜನೆಯನ್ನು ತಂದರು. ಮಗು ದಿನಕ್ಕೆ ಮೂರು ಗಂಟೆ ಶಾಲೆಯಲ್ಲಿ ಓದಬೇಕು. ಉಳಿದ ವೇಳೆಯಲ್ಲಿ ಮನೆಯಲ್ಲಿ ತಂದೆಯ ಕಸುಬನ್ನು ಕಲಿಯಬೇಕು. ಇದ್ದ ಕಟ್ಟಡ, ಇದ್ದ ಉಪಾಧ್ಯಾಯರನ್ನೇ ಇಟ್ಟುಕೊಂಡು ಎರಡು ಪಾಳಿಗಳಲ್ಲಿ ಇಮ್ಮಡಿ ಮಕ್ಕಳಿಗೆ ಅಕ್ಷರ ಕಲಿಸಬಹುದೆಂಬುದು ಅವರ ಲೆಕ್ಕ. ಆದರೆ ತಂದೆಯ ಕಸುಬೆಂದರೆ ಜಾತಿಯ ಕಸುಬೇ ಅಲ್ಲವೇ? ಕ್ಷೌರಿಕನ ಮಗ ಕ್ಷೌರಿಕನಾಗಿಯೇ ಉಳಿಯಬೇಕೇ ಎಂದು ದ್ರಾವಿಡ ಪಕ್ಷಗಳು ಎದ್ದು ನಿಂತವು. ಕಾಂಗ್ರೆಸ್ಸಿನೊಳಗೂ ಅಸಮಾಧಾನ ಹೊಗೆಯಾಡಿತು. ಕೊನೆಗೆ ರಾಜಾಜಿ ರಾಜೀನಾಮೆ ಕೊಡಬೇಕಾಯಿತು.

ಅವರ ಸ್ಥಾನಕ್ಕೆ ನಡೆದ ಸ್ಪರ್ಧೆಯಲ್ಲಿ ಒಂದು ಕಡೆ ಕಾಮರಾಜ ನಾಡಾರರು. ಇನ್ನೊಂದು ಕಡೆ ರಾಜಾಜಿಯವರ ಬೆಂಬಲದಿಂದ ನಿಂತ ಸುಬ್ರಹ್ಮಣ್ಯಂ. 93 ಮತಗಳು ಕಾಮರಾಜರಿಗೆ ಬಂದುವು, 41 ಇವರಿಗೆ. ಇಷ್ಟು ದೊಡ್ಡ ಸೋಲಿನ ಬಳಿಕ ಸಾಮಾನ್ಯ ರಾಜಕಾರಣಿಯ ಕಥೆ ಮುಗಿಯುತ್ತಿತ್ತು. ಆದರೆ ಗೆದ್ದವರು ಕಾಮರಾಜರು! ಅವರು ತಮ್ಮ ಎದುರು ನಿಂತವರನ್ನೇ ಮಂತ್ರಿಮಂಡಲಕ್ಕೆ ಕರೆದುಕೊಂಡು ಹಣಕಾಸು, ಶಿಕ್ಷಣಗಳ ಭಾರವನ್ನು ಹೊರಿಸಿದರು. ಯಾವ ಶಿಕ್ಷಣ ಯೋಜನೆಯ ಕಾರಣದಿಂದ ರಾಜಾಜಿ ಪದವಿ ಬಿಟ್ಟರೋ ಅದನ್ನು ಕೈಬಿಡಲಾಗಿದೆಯೆಂದು 1954ರ ಮೇ ತಿಂಗಳಲ್ಲಿ ಪ್ರಕಟಿಸಬೇಕಾದವರು ಶಿಕ್ಷಣ ಮಂತ್ರಿ ಸುಬ್ರಹ್ಮಣ್ಯಂ. ಗುರುವಿನ ಯೋಜನೆಗೆ ಶಿಷ್ಯನೇ ತೆರೆಯೆಳೆಯಬೇಕಾದ ಪ್ರಸಂಗ ಅದು. ಇದನ್ನು ಅವಕಾಶವಾದವೆಂದು ಕರೆದವರುಂಟು. ಆದರೆ ಮುಂದಿನ ಎಂಟು ವರ್ಷಗಳಲ್ಲಿ ಆ ಪ್ರಾಂತದಲ್ಲಿ ಆದ ಕೆಲಸವನ್ನು ನೋಡಿದವರು ಆ ಮಾತನ್ನು ಸುಲಭವಾಗಿ ಆಡಲಾರರು. ಹಳ್ಳಿಹಳ್ಳಿಗಳಲ್ಲಿ ಶಾಲೆಗಳು ತೆರೆದುವು. 1956ರಿಂದ ಬಡಮಕ್ಕಳಿಗೆ ಶಾಲೆಯಲ್ಲಿಯೇ ಮಧ್ಯಾಹ್ನದ ಊಟ ದೊರೆಯತೊಡಗಿತು. ಕಾಮರಾಜರ ಹೆಸರಿನೊಡನೆ ಇಂದಿಗೂ ನೆನೆಯಲ್ಪಡುವ ಈ ಕಾರ್ಯಗಳಿಗೆ ಹಣ ಹೊಂದಿಸಿದವರೂ ಶಾಸನ ಸಭೆಯಲ್ಲಿ ನಿಂತು ಉತ್ತರ ಹೇಳಿದವರೂ ಈ ಸೋತ ಪ್ರತಿಸ್ಪರ್ಧಿಯೇ.

1962ರಲ್ಲಿ ಪೊಳ್ಳಾಚಿಯಿಂದ ಲೋಕಸಭೆಗೆ ಆಯ್ಕೆಯಾಗಿ ನೆಹರೂ ಮಂತ್ರಿಮಂಡಲದಲ್ಲಿ ಉಕ್ಕಿನ ಖಾತೆ ಪಡೆದರು. ಬೊಕಾರೋ ಕಾರ್ಖಾನೆಗೆ ಅಮೆರಿಕದ ನೆರವು ಸಿಗುವುದೋ ಇಲ್ಲವೋ ಎಂಬ ಎಳೆದಾಟ ನಡೆದುದು ಆಗಲೇ. ಅಮೆರಿಕದ ಶಾಸನ ಸಭೆಯ ಮನಸ್ಸು ಒಲಿಯದಿದ್ದುದನ್ನು ಕಂಡು 1963ರಲ್ಲಿ ಭಾರತವೇ ತನ್ನ ಕೋರಿಕೆಯನ್ನು ಹಿಂತೆಗೆದುಕೊಂಡಿತು. ಅನಂತರ ರಷ್ಯನರು ಬಂದರು. ಪರರ ನೆರವಿಗೆ ಕೈಯೊಡ್ಡಿ ಕಾಯುವುದೆಂದರೇನೆಂಬುದನ್ನು ಆಹಾರ ಖಾತೆಗೆ ಬರುವ ಮೊದಲೇ ಸುಬ್ರಹ್ಮಣ್ಯಂ ಬಲ್ಲರು.

ಹಡಗಿನಿಂದ ಬಾಯಿಗೆ

ಆ ದಿನಗಳ ಪರಿಸ್ಥಿತಿಯನ್ನು ಇಂದಿನ ತರುಣ ವಾಚಕರು ಊಹಿಸಿಕೊಳ್ಳುವುದು ಕಷ್ಟ. ಪಿ.ಎಲ್. 480 ಎಂಬ ಅಮೆರಿಕದ ಕಾಯಿದೆಯೊಂದರ ಹೆಸರು ಭಾರತದ ಅಡಿಗೆಮನೆಗಳಲ್ಲಿ ಬಳಕೆಯ ಮಾತಾಗಿತ್ತು. ಆ ಕಾಯಿದೆಯಂತೆ ಅಮೆರಿಕ ತನ್ನ ಮಿಗತೆ ಗೋಧಿಯನ್ನು ಡಾಲರಿಗಲ್ಲದೆ ರೂಪಾಯಿಗೆ ಮಾರುತ್ತಿತ್ತು. ಅನುಕೂಲವೇನೋ ಹೌದು, ಆದರೆ ಅಗ್ಗದ ಗೋಧಿ ಹಡಗಿನಲ್ಲಿ ಬರುತ್ತಿರುವಾಗ ಇಲ್ಲಿಯ ರೈತನಿಗೆ ಒಳ್ಳೆಯ ಬೆಲೆ ಕೊಟ್ಟು ಹೆಚ್ಚು ಬೆಳೆಸಬೇಕೆಂಬ ಆತುರ ಯಾರಿಗೂ ಇರಲಿಲ್ಲ. ಕೈಗಾರಿಕೆಗಳು ಬೆಳೆಯಬೇಕಾದರೆ ಪಟ್ಟಣದಲ್ಲಿ ಧಾನ್ಯ ಅಗ್ಗವಾಗಿರಬೇಕೆಂಬುದು ಯೋಜನಾತಜ್ಞರ ತರ್ಕವಾಗಿತ್ತು.

ಸುಬ್ರಹ್ಮಣ್ಯಂ ಈ ತರ್ಕವನ್ನೇ ಪ್ರಶ್ನಿಸಿದರು. ಉಕ್ಕಿನ ಕಾರ್ಖಾನೆಯನ್ನು ನಷ್ಟಕ್ಕೆ ಮಾರಾಟಮಾಡೆಂದು ಕೇಳದ ಸರಕಾರ ರೈತನನ್ನು ಮಾತ್ರ ಹಾಗೆ ಕೇಳುವುದು ಯಾವ ನ್ಯಾಯ? ಬೆಳೆದವನಿಗೆ ಲಾಭವಾಗುವ ಬೆಲೆಯನ್ನು ಬಿತ್ತುವ ಮೊದಲೇ ಗೊತ್ತುಪಡಿಸಬೇಕು. ಬೆಲೆ ಕುಸಿದರೆ ಕೊಳ್ಳುವುದಕ್ಕೆ ಸರಕಾರ ಸಿದ್ಧವಾಗಿರಬೇಕು. 1965ರ ಜನವರಿಯಲ್ಲಿ ಇದಕ್ಕಾಗಿ ಎರಡು ಸಂಸ್ಥೆಗಳು ಹುಟ್ಟಿದುವು. ಬೆಲೆಯನ್ನು ಶಿಫಾರಸು ಮಾಡುವುದಕ್ಕೆ ಅರ್ಥಶಾಸ್ತ್ರಜ್ಞ ದಾಂತವಾಲಾ ಅವರ ಅಧ್ಯಕ್ಷತೆಯಲ್ಲಿ ಕೃಷಿ ಬೆಲೆಗಳ ಆಯೋಗ. ಕೊಂಡು ದಾಸ್ತಾನು ಮಾಡುವುದಕ್ಕೆ ಭಾರತ ಆಹಾರ ನಿಗಮ. ಇವೆರಡೂ ಬೇರೆ ಬೇರೆ ರೂಪದಲ್ಲಿ ಇಂದಿಗೂ ಉಳಿದಿವೆ. ‘ಬೆಂಬಲ ಬೆಲೆ’ ಎಂಬ ಮಾತು ಇಂದು ಪ್ರತಿಯೊಬ್ಬ ರೈತನ ನಾಲಗೆಯ ಮೇಲಿರುವುದಕ್ಕೆ ಮೂಲ ಅಲ್ಲಿದೆ. ಕೃಷಿ ಸಂಶೋಧನೆಯ ಆಡಳಿತದಲ್ಲಿಯೂ ಬದಲಾವಣೆಯಾಯಿತು. ಕೃಷಿ ಸಂಶೋಧನ ಮಂಡಳಿಯ ಮೇಲೆ ಅಧಿಕಾರಿಗಳ ಬದಲು ಮೊತ್ತಮೊದಲಿಗೆ ಒಬ್ಬ ವಿಜ್ಞಾನಿ, ಡಾ. ಬಿ.ಪಿ. ಪಾಲ್, ಮಹಾನಿರ್ದೇಶಕರಾಗಿ ಬಂದರು.

ಆದರೆ ಬರೀ ಬೆಲೆಯಿಂದ ಬೆಳೆ ಹೆಚ್ಚುವುದೇ? ನಮ್ಮ ನಾಡಿನ ಗೋಧಿಯ ದಂಟು ಎತ್ತರವಾದುದು, ತೆಳುವಾದುದು. ಗೊಬ್ಬರ ಹೆಚ್ಚು ಹಾಕಿದರೆ ತೆನೆ ತೂಗಿ ಪೈರು ನೆಲಕ್ಕೊರಗುತ್ತಿತ್ತು. ಹಾಕಿದ ಗೊಬ್ಬರವೂ ದಂಡ, ಬೆಳೆಯೂ ದಂಡ. ಮೆಕ್ಸಿಕೋ ದೇಶದಲ್ಲಿ ನಾರ್ಮನ್ ಬೋರ್ಲಾಗ್ ಎಂಬ ವಿಜ್ಞಾನಿಗಳು ಜಪಾನಿನ ಕುಳ್ಳ ಗೋಧಿಯ ರಕ್ತವನ್ನು ಬೆರೆಸಿ, ಗಿಡ್ಡದಂಟಿನ, ಗೊಬ್ಬರವನ್ನು ತಡೆದುಕೊಳ್ಳುವ ತಳಿಗಳನ್ನು ಸಿದ್ಧಪಡಿಸಿದ್ದರು. 1963ರಲ್ಲಿ ಅವರು ಭಾರತಕ್ಕೂ ಬಂದು ಹೋಗಿದ್ದರು. ದೆಹಲಿಯ ಕೃಷಿ ಸಂಶೋಧನ ಸಂಸ್ಥೆಯಲ್ಲಿ ಡಾ. ಎಂ.ಎಸ್. ಸ್ವಾಮಿನಾಥನ್ ಮತ್ತು ಅವರ ಸಂಗಡಿಗರು ಆ ಬೀಜಗಳನ್ನು ಬಿತ್ತಿ ನೋಡಿ ಬೆರಗಾಗಿದ್ದರು. ಸೊನೋರಾ 64, ಲೆರ್ಮಾ ರೋಹೊ ಎಂಬ ಆ ಪರದೇಶಿ ಹೆಸರುಗಳು ಪಂಜಾಬಿನ ರೈತರ ಬಾಯಲ್ಲಿ ಸುಲಿದು ಹೊಸ ರೂಪ ತಾಳಿದ್ದು ಅನಂತರದ ಮಾತು.

ಪ್ರಯೋಗಶಾಲೆಯ ಮಡಿಯಲ್ಲಿ ಬೆಳೆದುದು ದೇಶದ ಹೊಲದಲ್ಲಿ ಬೆಳೆದೀತೇ? ಸಂದೇಹಪಟ್ಟವರು ಸಾಮಾನ್ಯರಲ್ಲ. ಗೊಬ್ಬರಕ್ಕೂ ಬೀಜಕ್ಕೂ ವಿದೇಶೀ ವಿನಿಮಯ ಎಲ್ಲಿಂದ ತರುವುದೆಂದು ಹಣಕಾಸಿನ ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ಕೇಳಿದರು. ಭೂಸುಧಾರಣೆಯನ್ನು ಬಿಟ್ಟು ಬೀಜದ ಹಿಂದೆ ಹೋದರೆ ಉಳ್ಳವರೇ ಉಬ್ಬುವರೆಂದು ಎಡಪಂಥದವರು ವಾದಿಸಿದರು. ಇದು ಅಮೆರಿಕಕ್ಕೆ ಶರಣಾಗತಿಯೆಂದೂ ಹೇಳಿದರು. ಹೊರಗಿನ ಬೀಜದೊಡನೆ ಹೊರಗಿನ ರೋಗ ಬಂದರೆ ಗತಿಯೇನೆಂದು ಹೆದರಿದವರೂ ಇದ್ದರು. ಇವು ಯಾವುವೂ ತಳ್ಳಿಹಾಕಬಹುದಾದ ಆಕ್ಷೇಪಗಳಲ್ಲ. ಇವುಗಳ ಪೈಕಿ ಒಂದೆರಡು ನಿಜವಾದುವೆಂಬುದನ್ನು ಮುಂದಿನ ಕಾಲ ತೋರಿಸಿತು.

ಸುಬ್ರಹ್ಮಣ್ಯಂ ವಾದವನ್ನು ವಾದದಿಂದ ಮಾತ್ರ ಎದುರಿಸಲಿಲ್ಲ. ದೆಹಲಿಯ ತಮ್ಮ ಸರಕಾರೀ ಬಂಗಲೆಯ ವಿಶಾಲವಾದ ಹುಲ್ಲುಹಾಸನ್ನು ಉಳಿಸಿ ಹೊಸ ಗೋಧಿಯನ್ನು ಬಿತ್ತಿಸಿದರು! ಉದ್ಯಾನಕೂಟಗಳಿಗೆಂದು ಬಿಳಿಯ ದೊರೆಗಳ ಕಾಲದಿಂದ ಸಾಕಿಕೊಂಡು ಬಂದಿದ್ದ ಹಸಿರು ರತ್ನಗಂಬಳಿಯ ಜಾಗದಲ್ಲಿ ತೆನೆ ತೂಗಿತು. ಮಂತ್ರಿಯನ್ನು ಕಾಣಲು ಬಂದವರು ಬೆಳೆಯನ್ನೂ ಕಾಣಲೇಬೇಕಾಯಿತು. ಸಾಮಾನ್ಯ ರೈತರ ಹೊಲಗಳಲ್ಲಿಯೂ ಪ್ರಾತ್ಯಕ್ಷಿಕೆಗಳು ನಡೆದುವು. ಪಕ್ಕದ ಹೊಲದವನ ಕಣ್ಣಿಗಿಂತ ದೊಡ್ಡ ಪ್ರಚಾರಕನಿಲ್ಲವೆಂಬುದನ್ನು ಒಕ್ಕಲಿನ ಮನೆಯಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಡುವೆ ಒಂದು ರಾಜೀನಾಮೆ

ಈ ಕೆಲಸವೆಲ್ಲ ಮೊಳಕೆಯಲ್ಲಿರುವಾಗಲೇ ಸುಬ್ರಹ್ಮಣ್ಯಂ ಪದವಿಯನ್ನು ಬಿಡಲು ಹೊರಟರೆಂಬುದು ಅನೇಕರಿಗೆ ಮರೆತುಹೋಗಿದೆ. 1965ರ ಜನವರಿ 26ರಿಂದ ಹಿಂದಿಯೇ ಕೇಂದ್ರದ ಆಡಳಿತ ಭಾಷೆಯಾಗುವ ಏರ್ಪಾಡಿತ್ತು. ಮದರಾಸು ಪ್ರಾಂತ ಹೊತ್ತಿ ಉರಿಯಿತು. ವಿದ್ಯಾರ್ಥಿಗಳು ಬೀದಿಗಿಳಿದರು, ಪೋಲೀಸರ ಗುಂಡಿಗೆ ಜನ ಬಲಿಯಾದರು, ಮೈಗೆ ಬೆಂಕಿಯಿಟ್ಟುಕೊಂಡು ಸತ್ತವರೂ ಉಂಟು. ಇಂಗ್ಲಿಷು ಮುಂದುವರಿಯುವುದೆಂಬ ನೆಹರೂ ಅವರ ಭರವಸೆಗೆ ಕಾನೂನಿನ ಬಲ ಬೇಕೆಂಬುದು ದಕ್ಷಿಣದ ಬೇಡಿಕೆ. ಫೆಬ್ರವರಿ 11ರಂದು ಸುಬ್ರಹ್ಮಣ್ಯಂ ಅವರೂ ಮದರಾಸಿನವರೇ ಆದ ಇನ್ನೊಬ್ಬ ಮಂತ್ರಿ ಓ.ವಿ. ಅಳಗೇಶನ್ ಅವರೂ ರಾಜೀನಾಮೆ ಸಲ್ಲಿಸಿದರು. ಶಾಸ್ತ್ರಿಗಳು ಅವನ್ನು ಅಂಗೀಕರಿಸುವಂತೆ ರಾಷ್ಟ್ರಪತಿಗಳಿಗೆ ಕಳುಹಿಸಿದರು, ಡಾ. ರಾಧಾಕೃಷ್ಣನ್ ಒಪ್ಪಲಿಲ್ಲ. ಅದೇ ರಾತ್ರಿ ಪ್ರಧಾನಿಗಳು ಆಕಾಶವಾಣಿಯಲ್ಲಿ ಮಾತನಾಡಿ, ಹಿಂದಿಯೇತರ ರಾಜ್ಯಗಳು ಬಯಸುವವರೆಗೂ ಇಂಗ್ಲಿಷು ಉಳಿಯುವುದೆಂದು ಮಾತುಕೊಟ್ಟರು. ರಾಜೀನಾಮೆಗಳು ಹಿಂದಕ್ಕೆ ಬಂದುವು. 1967ರ ಕಾಯಿದೆಯಲ್ಲಿ ಆ ಮಾತಿಗೆ ಶಾಸನದ ರೂಪವೂ ದೊರೆಯಿತು.

ಆ ರಾಜೀನಾಮೆ ಅಂಗೀಕೃತವಾಗಿದ್ದರೆ ಗೋಧಿಯ ಕಥೆ ಏನಾಗುತ್ತಿತ್ತೋ!

ಅದೇ ವರ್ಷ ಮಳೆ ಕೈಕೊಟ್ಟಿತು. ಸೆಪ್ಟೆಂಬರಿನಲ್ಲಿ ಪಾಕಿಸ್ತಾನದೊಡನೆ ಯುದ್ಧ. ಅಮೆರಿಕದ ಅಧ್ಯಕ್ಷ ಜಾನ್ಸನ್ ಅವರು ದೀರ್ಘಕಾಲದ ಒಪ್ಪಂದವನ್ನು ಬಿಟ್ಟು ಗೋಧಿಯನ್ನು ತಿಂಗಳು ತಿಂಗಳಿಗೆ ಅಳೆದು ಕೊಡತೊಡಗಿದರು. ಶಾಸ್ತ್ರಿಗಳು ಸೋಮವಾರ ರಾತ್ರಿಯ ಊಟ ಬಿಡಿರೆಂದು ಜನರನ್ನು ಬೇಡಿಕೊಂಡರು. ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರು ಅದನ್ನು ವ್ರತದಂತೆ ಪಾಲಿಸಿದರು, ಹೋಟೆಲುಗಳು ಬಾಗಿಲು ಹಾಕಿದುವು. 1964–65ರಲ್ಲಿ 8 ಕೋಟಿ 90 ಲಕ್ಷ ಟನ್ನಿನಷ್ಟಿದ್ದ ಆಹಾರಧಾನ್ಯದ ಬೆಳೆ ಮರುವರ್ಷ 7 ಕೋಟಿ 20 ಲಕ್ಷ ಟನ್ನಿಗೆ ಇಳಿಯಿತು. 1966ರಲ್ಲಿ ಹೊರಗಿನಿಂದ ತರಿಸಿದ ಧಾನ್ಯ ಸುಮಾರು ಒಂದು ಕೋಟಿ ಟನ್ನು. ಬಂದರಿನಲ್ಲಿ ಇಳಿದ ಗೋಧಿ ಉಗ್ರಾಣವನ್ನು ಕಾಣದೆ ನೇರವಾಗಿ ರೈಲುಗಳಲ್ಲಿ ಪಡಿತರದಂಗಡಿಗಳಿಗೆ ಹೋಗುತ್ತಿತ್ತು. ಒಂದೆರಡು ಹಡಗುಗಳು ತಡವಾದರೆ ಲಕ್ಷಾಂತರ ಒಲೆಗಳು ಹೊತ್ತದ ಸ್ಥಿತಿ.

1965ರ ನವೆಂಬರಿನಲ್ಲಿ ರೋಮ್ ನಗರದಲ್ಲಿ ಅಮೆರಿಕದ ಕೃಷಿಮಂತ್ರಿ ಆರ್ವಿಲ್ ಫ್ರೀಮನ್ ಅವರನ್ನು ಸುಬ್ರಹ್ಮಣ್ಯಂ ಕಂಡರು. ಭಾರತ ಕೃಷಿಗೆ ಹೆಚ್ಚು ಹಣ ಒದಗಿಸುವುದು, ಗೊಬ್ಬರದ ಕಾರ್ಖಾನೆಗಳಿಗೆ ಅವಕಾಶ ಕೊಡುವುದು, ಬೆಲೆಯ ಪ್ರೋತ್ಸಾಹ ಕೊಡುವುದು ಎಂಬ ಒಪ್ಪಂದವಾಯಿತು. ಅದನ್ನು ಆಗ ಬಹಿರಂಗಗೊಳಿಸಲಿಲ್ಲ. ಪರದೇಶದ ಷರತ್ತಿಗೆ ತಲೆಬಾಗಿದರೆಂಬ ಆಪಾದನೆ ಅಲ್ಲಿಂದಲೇ ಹುಟ್ಟಿತು. ಒಂದು ಮಾತು ಸತ್ಯ: ಒಪ್ಪಂದದಲ್ಲಿದ್ದ ಬಹುಪಾಲು ಅಂಶಗಳು ಸುಬ್ರಹ್ಮಣ್ಯಂ ಅವರು ಸಹೋದ್ಯೋಗಿಗಳ ಮುಂದೆ ಅದಕ್ಕೆ ಮೊದಲೇ ಇಟ್ಟು ವಾದಿಸುತ್ತಿದ್ದವುಗಳೇ. ಮನೆಯಲ್ಲಿ ಒಪ್ಪದವರನ್ನು ಒಪ್ಪಿಸಲು ಹೊರಗಿನವರ ಒತ್ತಡವೂ ಅವರಿಗೆ ಉಪಯೋಗಕ್ಕೆ ಬಂದಿರಬೇಕು. ಆ ಡಿಸೆಂಬರಿನಲ್ಲಿ ಹೊಸ ಕೃಷಿನೀತಿಯನ್ನು ಸಂಸತ್ತಿನ ಮುಂದಿಟ್ಟರು.

1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಶಾಸ್ತ್ರಿಗಳು ತೀರಿಕೊಂಡರು. ಹೊಸ ಪ್ರಧಾನಿ ಇಂದಿರಾ ಗಾಂಧಿಯವರು ಸುಬ್ರಹ್ಮಣ್ಯಂ ಅವರನ್ನು ಅದೇ ಖಾತೆಯಲ್ಲಿ ಉಳಿಸಿಕೊಂಡರು. ಆ ವರ್ಷ ಮೆಕ್ಸಿಕೋದಿಂದ 18,000 ಟನ್ನು ಗೋಧಿಬೀಜ ಹಡಗೇರಿ ಬಂದಿತು. ಒಂದು ದೇಶ ಇನ್ನೊಂದು ದೇಶದಿಂದ ಒಂದೇ ಸಲಕ್ಕೆ ಇಷ್ಟು ಬಿತ್ತನೆಬೀಜ ತರಿಸಿದ್ದು ಅದಕ್ಕೆ ಮೊದಲು ಕೇಳಿರದ ಸಂಗತಿ. ಬರಗಾಲದ ನಡುವೆ, ಅಮೂಲ್ಯವಾದ ವಿದೇಶೀ ಹಣವನ್ನು ತಿನ್ನುವ ಧಾನ್ಯಕ್ಕಲ್ಲದೆ ಬಿತ್ತುವ ಧಾನ್ಯಕ್ಕೆ ಸುರಿಯುವುದೆಂದರೆ ಜೂಜೇ ಸರಿ. ಬೆಳೆ ಕೆಟ್ಟಿದ್ದರೆ ಒಬ್ಬ ಮಂತ್ರಿಯ ಹೆಸರು ಮಾತ್ರ ಕೆಡುತ್ತಿರಲಿಲ್ಲ.

ಬಂದ ಸುಗ್ಗಿ, ಹೋದ ಮಂತ್ರಿ

1966ರಲ್ಲಿಯೂ ಮಳೆ ಬಾರಲಿಲ್ಲ. ಬಿಹಾರದಲ್ಲಿ ಕ್ಷಾಮ ತಲೆದೋರಿತು. ಹೊಸ ಬೀಜದ ಪೈರು ಇನ್ನೂ ಹೊಲದಲ್ಲಿ ನಿಂತಿರುವಾಗಲೇ, 1967ರ ಫೆಬ್ರವರಿಯಲ್ಲಿ, ಮಹಾಚುನಾವಣೆ ಬಂದಿತು. ಮದರಾಸಿನಲ್ಲಿ ದ್ರಾವಿಡ ಮುನ್ನೇತ್ರ ಕಳಗದವರು ರೂಪಾಯಿಗೆ ಮೂರು ಪಡಿ ಅಕ್ಕಿ ಕೊಡುವೆವೆಂದು ಸಾರಿದರು. ಹಿಂದಿಯ ಸಿಟ್ಟು ಒಂದು ಕಡೆ, ಅಕ್ಕಿಯ ಅಭಾವ ಇನ್ನೊಂದು ಕಡೆ. ಕಾಂಗ್ರೆಸ್ಸು ಆ ಪ್ರಾಂತದಲ್ಲಿ ನೆಲಕಚ್ಚಿತು. ಸ್ವತಃ ಕಾಮರಾಜರು ವಿರುದುನಗರದಲ್ಲಿ ಒಬ್ಬ ವಿದ್ಯಾರ್ಥಿ ಮುಖಂಡನ ಎದುರು ಸೋತರು. ಭಾರತದ ಆಹಾರಮಂತ್ರಿಯೂ ಸೋತರು. ಹಿಂದಿಯ ಪ್ರಶ್ನೆಯಲ್ಲಿ ಪದವಿಯನ್ನೇ ಒಡ್ಡಿದ್ದವರನ್ನು ಜನ ಹಿಂದಿಯ ಸಿಟ್ಟಿನಲ್ಲಿಯೇ ಕೈಬಿಟ್ಟರು. ದೇಶಕ್ಕೆ ಅನ್ನ ಹುಡುಕುತ್ತಿದ್ದವರನ್ನು ಅನ್ನದ ಕೊರತೆಗಾಗಿಯೇ ದಂಡಿಸಿದರು. ಮತದಾರನಲ್ಲಿ ತಪ್ಪು ಹುಡುಕುವಂತಿಲ್ಲ. ಅಂಗಡಿಯಲ್ಲಿ ಅಕ್ಕಿಯಿಲ್ಲದೆ ಹಿಂದಿರುಗಿದವನಿಗೆ ಪಂಜಾಬಿನ ಹೊಲದಲ್ಲಿ ಬೆಳೆಯುತ್ತಿದ್ದ ಗೋಧಿ ಕಾಣುವುದು ಹೇಗೆ?

1966–67ರಲ್ಲಿ 1 ಕೋಟಿ 14 ಲಕ್ಷ ಟನ್ನಾಗಿದ್ದ ಗೋಧಿ 1967–68ರಲ್ಲಿ 1 ಕೋಟಿ 65 ಲಕ್ಷ ಟನ್ನಾಯಿತು. ಒಟ್ಟು ಧಾನ್ಯದ ಬೆಳೆ 9 ಕೋಟಿ 50 ಲಕ್ಷ ಟನ್ನು ಮುಟ್ಟಿತು. ಪಂಜಾಬಿನಲ್ಲಿ ಇಡಲು ಸ್ಥಳ ಸಾಲದೆ ಶಾಲೆಗಳನ್ನು ಮುಚ್ಚಿ ಕೋಣೆಗಳಲ್ಲಿ ಗೋಧಿ ತುಂಬಿದರು. 1968ರ ಜುಲೈನಲ್ಲಿ ಸರಕಾರ ‘ಗೋಧಿ ಕ್ರಾಂತಿ’ಯ ಅಂಚೆಚೀಟಿಯನ್ನು ಹೊರಡಿಸಿತು. ಆಗ ಆಹಾರಮಂತ್ರಿಗಳಾಗಿದ್ದವರು ಜಗಜೀವನರಾಮರು. ಸುಬ್ರಹ್ಮಣ್ಯಂ ಸಂಸತ್ತಿನ ಸದಸ್ಯರೂ ಆಗಿರಲಿಲ್ಲ.

ಈ ಕ್ರಾಂತಿಯ ಇನ್ನೊಂದು ಮುಖವನ್ನೂ ಮರೆಯಲಾಗದು. ನೀರಾವರಿಯುಳ್ಳ ನೆಲಕ್ಕೆ ಒಲಿದ ಲಕ್ಷ್ಮಿ ಮಳೆಯನ್ನೇ ನಂಬಿದ ನೆಲದ ಕಡೆ ತಿರುಗಿ ನೋಡಲಿಲ್ಲ. ಗೋಧಿ ಅಕ್ಕಿಗಳ ಮುಂದೆ ನಮ್ಮ ರಾಗಿ, ಜೋಳ, ಬೇಳೆಕಾಳುಗಳು ಹಿಂದೆಬಿದ್ದುವು. ಪಂಜಾಬಿನ ಅಂತರ್ಜಲ ವರ್ಷ ವರ್ಷ ಕೆಳಗಿಳಿಯಿತು. ಗೊಬ್ಬರ, ಕೀಟನಾಶಕಗಳ ಋಣವನ್ನು ಮಣ್ಣು ಇಂದಿಗೂ ತೀರಿಸುತ್ತಿದೆ. 1965ರ ಆಕ್ಷೇಪಕರು ಬರೀ ಹಟಮಾರಿಗಳಾಗಿರಲಿಲ್ಲ. ಆದರೆ ಆ ವರ್ಷ ಅವರ ಬಳಿ ಬೇರೊಂದು ಸುಗ್ಗಿಯೂ ಇರಲಿಲ್ಲ.

ಉಳಿದ ಅಧ್ಯಾಯಗಳು

1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ಸಿನ ಬಿರುಕು ಬಯಲಿಗೆ ಬಂದುದು ಕನ್ನಡಿಗರೆಲ್ಲರಿಗೂ ಗೊತ್ತು. ನವೆಂಬರಿನಲ್ಲಿ ಪಕ್ಷ ಒಡೆದು ಎರಡಾದಾಗ ಒಂದು ಕಡೆ ಅಧ್ಯಕ್ಷ ನಿಜಲಿಂಗಪ್ಪನವರು, ಅವರೊಡನೆ ಕಾಮರಾಜರು. ಇನ್ನೊಂದು ಕಡೆ ಇಂದಿರಾ ಗಾಂಧಿಯವರು. ಸುಬ್ರಹ್ಮಣ್ಯಂ ಹದಿನೈದು ವರ್ಷಗಳ ಒಡನಾಡಿ ಕಾಮರಾಜರನ್ನು ಬಿಟ್ಟು ಇಂದಿರಾ ಅವರ ಜತೆಗೆ ನಿಂತರು. ನಿಜಲಿಂಗಪ್ಪನವರ ಸ್ಥಾನಕ್ಕೆ ಆ ಪಂಗಡ ತಾತ್ಕಾಲಿಕ ಅಧ್ಯಕ್ಷರನ್ನಾಗಿ ಆರಿಸಿದುದು ಇವರನ್ನೇ.

ಮುಂದೆ ಯೋಜನೆ, ಕೈಗಾರಿಕಾಭಿವೃದ್ಧಿ, 1974ರ ಅಕ್ಟೋಬರಿನಿಂದ ಹಣಕಾಸು. ಬೆಲೆಗಳು ನಾಗಾಲೋಟದಲ್ಲಿ ಏರುತ್ತಿದ್ದ ಹೊತ್ತಿನಲ್ಲಿ ಈ ಖಾತೆ ಅವರ ಪಾಲಿಗೆ ಬಂದಿತು. ಮರುವರ್ಷ ಏರಿಕೆ ತಗ್ಗಿತು. ಹಳ್ಳಿಯ ಸಣ್ಣ ರೈತನಿಗೆ ಸಾಲ ಕೊಡುವ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳು 1975ರ ಅಕ್ಟೋಬರ್ 2ರಂದು ಆರಂಭವಾದುದು ಅವರ ಅಧಿಕಾರಾವಧಿಯಲ್ಲಿಯೇ. ಅದೇ ವರ್ಷ ಜೂನಿನಲ್ಲಿ ತುರ್ತುಪರಿಸ್ಥಿತಿ ಘೋಷಿತವಾದಾಗ ಮಾತ್ರ ಭಾಷೆಯ ಪ್ರಶ್ನೆಗಾಗಿ ರಾಜೀನಾಮೆ ಬರೆದಿದ್ದ ಕೈ ಚಲಿಸಲಿಲ್ಲ. ಮಂತ್ರಿಮಂಡಲದಲ್ಲಿ ಕೊನೆಯವರೆಗೂ ಉಳಿದರು. ಅವರ ಜೀವನವನ್ನು ಮೆಚ್ಚುವವರಿಗೂ ಇದು ನುಂಗಲಾರದ ತುತ್ತು.

1979ರಲ್ಲಿ ಚರಣಸಿಂಗರ ಅಲ್ಪಾಯುಷಿ ಸರಕಾರದಲ್ಲಿ ರಕ್ಷಣಾಮಂತ್ರಿಗಳಾದರು. 1990ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಮಹಾರಾಷ್ಟ್ರದ ರಾಜ್ಯಪಾಲರಾದರು. 1993ರ ಜನವರಿಯಲ್ಲಿ ಗೋವೆಯಲ್ಲಿ ಖಾಸಗಿಯಾಗಿ ಮಾತನಾಡುತ್ತಿದ್ದಾಗ ಪ್ರಧಾನಿ ನರಸಿಂಹರಾಯರ ಕಾರ್ಯವೈಖರಿಯನ್ನು ಟೀಕಿಸಿದ್ದು ಹತ್ತಿರವಿದ್ದ ಪತ್ರಿಕೆಯವರ ಕಿವಿಗೆ ಬಿದ್ದು ಅಚ್ಚಾಯಿತು. ಸುಬ್ರಹ್ಮಣ್ಯಂ ಆ ತಿಂಗಳೇ ರಾಜಭವನವನ್ನು ಬಿಟ್ಟು ಮದರಾಸಿಗೆ ಹಿಂದಿರುಗಿದರು.

ಅಲ್ಲಿ ಅವರು ಕೂತು ಕಾಲ ಕಳೆಯಲಿಲ್ಲ. ಕೃಷಿಯ ವಿಚಾರ, ಬಾವಿ ಬತ್ತಿದ ಮಳೆನಂಬಿಯ ರೈತನ ವಿಚಾರ ಕೊನೆಯವರೆಗೂ ಅವರನ್ನು ಬಿಡಲಿಲ್ಲ. 1998ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು; ಅದೇ ವರ್ಷ ಅದನ್ನು ಪಡೆದ ಇನ್ನೊಬ್ಬ ತಮಿಳರು ಸಂಗೀತ ವಿದುಷಿ ಎಂ.ಎಸ್. ಸುಬ್ಬುಲಕ್ಷ್ಮಿ. ಎರಡು ವರ್ಷಗಳ ಬಳಿಕ, 2000ದ ನವೆಂಬರ್ 7ರಂದು, ತೊಂಬತ್ತು ವರ್ಷ ತುಂಬಿದ್ದ ಸುಬ್ರಹ್ಮಣ್ಯಂ ಚೆನ್ನೈಯಲ್ಲಿ ತೀರಿಕೊಂಡರು. ಆ ವೇಳೆಗೆ ಭಾರತದಲ್ಲಿ ವರ್ಷಕ್ಕೆ ಏಳು ಕೋಟಿ ಟನ್ನಿಗೂ ಮಿಕ್ಕಿ ಗೋಧಿ ಬೆಳೆಯುತ್ತಿತ್ತು.